ಕೀಮೋಗೆ ಮುಂಚೆ ಕೇಳಬೇಕಾದ ರಕ್ತಪರೀಕ್ಷೆ

ಹಿಂದೆಂದೋ ಬಂದ ಹೆಪಟೈಟಿಸ್ ಬಿ (ಯಕೃತ್ತಿನ ವೈರಸ್ ಸೋಂಕು) ವಾಸಿಯಾಯಿತು ಅನ್ನುವುದು ಅರ್ಧ ಸತ್ಯ. ರಕ್ತದಲ್ಲಿ ವೈರಸ್ ಕಾಣದಿದ್ದರೂ ಅದರ ಡಿಎನ್‌ಎ ಬಳೆಯಂತೆ ಸುತ್ತಿಕೊಂಡು ಯಕೃತ್ತಿನ ಜೀವಕೋಶಗಳ ನ್ಯೂಕ್ಲಿಯಸ್‌ನಲ್ಲಿ ತೆಪ್ಪಗೆ ಕೂತಿರುತ್ತದೆ. ರೋಗನಿರೋಧಕ ವ್ಯವಸ್ಥೆ ಕಾವಲಿರುವಷ್ಟು ದಿನ ತೊಂದರೆಯಿಲ್ಲ.

ಲಿಂಫೋಮಾ ಎಂಬ ದುಗ್ಧಗ್ರಂಥಿ ಕ್ಯಾನ್ಸರ್‌ಗೆ 21 ದಿನಕ್ಕೊಮ್ಮೆ ಕೊಡುವ ಆರ್-ಚಾಪ್ ಎಂಬ ಹಲವು ಔಷಧಗಳ ಕೀಮೋ ಆ ಕಾವಲನ್ನೇ ಕಿತ್ತುಹಾಕುತ್ತದೆ. ಅದರಲ್ಲಿನ ರಿಟುಕ್ಸಿಮ್ಯಾಬ್, ಪ್ರತಿಕಾಯ ತಯಾರಿಗೆ ಬೇಕಾದ ಬಿ ಕೋಶಗಳನ್ನು ತಿಂಗಳುಗಟ್ಟಲೆ ಇಲ್ಲವಾಗಿಸುತ್ತದೆ. ಪ್ರತಿ ಸುತ್ತಿನ ಮೊದಲ 5 ದಿನ ನುಂಗುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ವೈರಸ್‌ನ ಜೀನುಗಳನ್ನು ನೇರವಾಗಿ ಚುರುಕುಗೊಳಿಸಬಲ್ಲದು. ವೈರಸ್ ಸದ್ದಿಲ್ಲದೆ ಹೆಚ್ಚುತ್ತದೆ. ಯಕೃತ್ತು ಹೆಚ್ಚಾಗಿ ಕೆಡುವುದು ಆಮೇಲೆ: ಚೇತರಿಸಿಕೊಂಡ ರೋಗನಿರೋಧಕ ಕೋಶಗಳು ಸೋಂಕಿತ ಕೋಶಗಳ ಮೇಲೆ ಮುಗಿಬಿದ್ದಾಗ. ಹಾಗಾಗಿ ಕಾಮಾಲೆ ಕೀಮೋ ಮುಗಿದ ಮೇಲೂ ಬರಬಹುದು. ಅದನ್ನು ಔಷಧದ ಅಡ್ಡಪರಿಣಾಮ ಎಂದುಕೊಂಡರೆ ಕೆಟ್ಟಿತು. ಯಕೃತ್ತು ಕೆಟ್ಟಾಗ ರಕ್ತದಲ್ಲಿ ಹೆಚ್ಚುವ ಎಎಲ್‌ಟಿ ಕಿಣ್ವ ಏರುವ ಎಷ್ಟೋ ವಾರ ಮೊದಲೇ ವೈರಸ್ ಏರಿರುತ್ತದೆ. ಎಎಲ್‌ಟಿ ಏರಿದ ಮೇಲೆ ವೈರಸ್ ತಡೆಯುವ ಮಾತ್ರೆ ಶುರು ಮಾಡುವುದು ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಹೆಚ್ಚು ಎಡವುವುದು ಪರೀಕ್ಷೆಯಲ್ಲೇ. ಎಚ್‌ಬಿಎಸ್‌ಎಜಿ (ವೈರಸ್‌ನ ಹೊರಪದರದ ಪ್ರೋಟೀನ್) ನೆಗೆಟಿವ್ ಎಂದ ಕೂಡಲೇ ನಿರಾಳರಾಗಬಾರದು. ಹಳೆಯ ಸೋಂಕಿನ ಗುರುತು ಟೋಟಲ್ ಆಂಟಿ-ಎಚ್‌ಬಿಸಿ, ಅಂದರೆ ವೈರಸ್‌ನ ಒಳತಿರುಳಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ. ಲ್ಯಾಬ್ ಚೀಟಿಯಲ್ಲಿ ಐಜಿಎಂ ಎಂದು ಬರೆದರೆ ಅದು ಹೊಸ ಸೋಂಕನ್ನಷ್ಟೇ ಹುಡುಕುತ್ತದೆ. ರಕ್ತ ಅಥವಾ ಇಮ್ಯುನೋಗ್ಲಾಬ್ಯುಲಿನ್ ಏರಿಸುವ ಮೊದಲೇ ಮಾದರಿ ತೆಗೆಯಬೇಕು. ದಾನಿಯ ಪ್ರತಿಕಾಯ ಸೇರಿದರೆ ಸುಳ್ಳು ಪಾಸಿಟಿವ್ ಬರುತ್ತದೆ. ವರದಿ ಬರಲಿಲ್ಲವೆಂದು ಕೀಮೋ ಮುಂದೂಡಬೇಕಿಲ್ಲ. ಭಾರತದಲ್ಲಿ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ದೇಶವ್ಯಾಪಿಯಾದದ್ದು 2011ರಲ್ಲಿ. ಈಗ ಕ್ಯಾನ್ಸರ್ ವಾರ್ಡಿನಲ್ಲಿರುವ ವಯಸ್ಕರಲ್ಲಿ ಬಹುಪಾಲು ಜನ ಅದಕ್ಕೆ ಮುಂಚೆ ಹುಟ್ಟಿದವರು, ಹಾಗಾಗಿ ಹಳೆಯ ಸೋಂಕು ಇದ್ದಿರಬಹುದು.

ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದರೆ ಯಾವ ಕೀಮೋ ಆದರೂ ಮಾತ್ರೆ ಬೇಕು. ಆಂಟಿ-ಎಚ್‌ಬಿಸಿ ಮಾತ್ರ ಪಾಸಿಟಿವ್ ಇದ್ದವರಿಗೆ ರಿಟುಕ್ಸಿಮ್ಯಾಬ್ ಅಥವಾ ಕಾಂಡಕೋಶ ಕಸಿ ಇದ್ದರೆ ಮಾತ್ರೆ. ಉಳಿದ ಕೀಮೋಗಳಲ್ಲಿ ಸಾಮಾನ್ಯವಾಗಿ ಸುಮಾರು 3 ತಿಂಗಳಿಗೊಮ್ಮೆ ಎಎಲ್‌ಟಿ, ಎಚ್‌ಬಿಎಸ್‌ಎಜಿ, ವೈರಸ್ ಡಿಎನ್‌ಎ ನೋಡಿದರೆ ಸಾಕು.

ಆ ಮಾತ್ರೆ ಎಂದರೆ ಎಂಟೆಕವಿರ್ ದಿನಕ್ಕೆ 0.5 ಮಿ.ಗ್ರಾಂ., ಬರೀ ಹೊಟ್ಟೆಯಲ್ಲಿ: ಊಟವಾಗಿ 2 ಗಂಟೆ ಕಳೆದ ಮೇಲೆ, ಮತ್ತೆ ತಿನ್ನಲು 2 ಗಂಟೆ ಮೊದಲು. ಅಥವಾ ಟೆನೊಫೊವಿರ್ ಅಲಾಫೆನಮೈಡ್ 25 ಮಿ.ಗ್ರಾಂ., ಊಟದ ಜೊತೆ. ಕಿಡ್ನಿ ಸೊರಗಿದ್ದರೆ ಎಂಟೆಕವಿರ್ ಪ್ರಮಾಣ ಇಳಿಸಬೇಕು. ಅಗ್ಗವೆಂದು ಲ್ಯಾಮಿವುಡಿನ್‌ಗೆ ಹೋಗುವುದು ಬೇಡ, ವೈರಸ್ ಬೇಗ ಪ್ರತಿರೋಧ ಬೆಳೆಸಿಕೊಳ್ಳುತ್ತದೆ.

ಕೊನೆಯ ಕೀಮೋ ದಿನ ಮಾತ್ರೆಯನ್ನೂ ಬಿಡುವವರಿದ್ದಾರೆ, ಅದೇ ಅಪಾಯ. ಮುಗಿದ ಮೇಲೂ ಕನಿಷ್ಠ 12 ತಿಂಗಳು, ರಿಟುಕ್ಸಿಮ್ಯಾಬ್ ಆಗಿದ್ದರೆ 18 ತಿಂಗಳು ನುಂಗಬೇಕು. ಬಿಟ್ಟ ಮೇಲೆ ಇನ್ನೊಂದು ವರ್ಷ ರಕ್ತಪರೀಕ್ಷೆ ನಡೆಯುತ್ತಲೇ ಇರಬೇಕು. ಡಿಸ್ಚಾರ್ಜ್ ಸಾರಾಂಶದಲ್ಲಿ ಮಾತ್ರೆ ಯಾವ ತಿಂಗಳು, ಯಾವ ವರ್ಷದವರೆಗೆ ಎಂದು ಬರೆಸಿಕೊಳ್ಳಿ.