ತಿರುಗುವ ಸೇತುವೆ ಮುಗ್ಗರಿಸುವುದಿಲ್ಲ ಯಾಕೆ?

ಪ್ರಶ್ನೆ: ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿರುವ ಮಗ ಒಂದು ವಿಡಿಯೋ ಕಳಿಸಿದ್ದ. ಕಾಲುವೆಯಲ್ಲಿ ದೋಣಿ ಬಂತು, ರಸ್ತೆ ಸಮೇತ ಸೇತುವೆ ಬಾಗಿಲಿನ ಹಾಗೆ ಪಕ್ಕಕ್ಕೆ ಸರಿಯಿತು. ಆ ತುದಿಗೆ ಆಧಾರವೇ ಇಲ್ಲ. ಬೀಳಲ್ವಾ? (ಓದುಗರು, ಕುಂಬಳೆ)

ಹಳೇ ಅಡಿಕೆ ತೋಟದ ಏತ ನೆನಪಿದೆಯಾ? ಉದ್ದದ ಮರ, ಒಂದು ತುದಿಯಲ್ಲಿ ನೀರಿನ ಕೊಡ, ಹಿಂದಿನ ತುದಿಗೆ ಬಿಗಿದ ಕಲ್ಲು. ಕೊಡದ ಭಾರಕ್ಕೆ ಆ ಕಲ್ಲು ಜವಾಬು ಕೊಡುತ್ತಿತ್ತು. ಹಾಗಾಗಿ ಒಬ್ಬರೇ ನೀರು ಸೇದಬಹುದಿತ್ತು.

ಸೇತುವೆಯ ಗುಟ್ಟೂ ಅದೇ. ದಡದ ಕಟ್ಟೆಯ ಮೇಲೆ ಒಂದು ತಿರುಗುಣಿ. ಅಲ್ಲಿಂದ ನೀರಿನ ಮೇಲೆ ಚಾಚಿದ್ದು ಉದ್ದ ತೋಳು, ಹಿಂದಕ್ಕೆ ಉಳಿದದ್ದು ಗಿಡ್ಡ ತೋಳು. ಗಿಡ್ಡ ತೋಳಿಗೆ ಕಬ್ಬಿಣವನ್ನೋ ಕಾಂಕ್ರೀಟನ್ನೋ ತುಂಬಿ, ಉದ್ದ ತೋಳಿಗೆ ಸರಿದೂಗುವ ಹಾಗೆ ಸಮತೋಲ ಮಾಡುತ್ತಾರೆ. ಭಾರ ಎತ್ತುವ ಕೆಲಸವೇ ಇಲ್ಲ, ಸುಮ್ನೆ ತಿರುಗಿಸಿದರೆ ಸಾಕು.

ಹಾಗಾದರೆ ಲಾರಿ ಹತ್ತಿದಾಗ? ಈ ಸಮತೋಲ ತಿರುಗುವ ಹೊತ್ತಿಗೆ ಮಾತ್ರ. ಸೇತುವೆ ಮುಚ್ಚಿದ ಮೇಲೆ ತುದಿಗಳ ಕೆಳಗೆ ಬೆಣೆ ತಳ್ಳಿ ಬಿಗಿ ಮಾಡುತ್ತಾರೆ. ಆಗ ಅದು ಎರಡೂ ದಡದ ಮೇಲೆ ಕೂತ ಮಾಮೂಲಿ ಸೇತುವೆ.

ನಿಮ್ಮ ಮಗ ನೋಡಿದ್ದು ಕ್ಯಾಲೆಡೋನಿಯನ್ ಕಾಲುವೆ ಇರಬೇಕು. ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ಕಟ್ಟಿಸಿದ್ದು, 1822ರಲ್ಲಿ ತೆರೆದದ್ದು. ಹಾಯಿ ಹಡಗುಗಳ ಕಾಲ ಅದು. ಎತ್ತರದ ಪಟಸ್ತಂಭ ದಾಟಬೇಕಾದರೆ ಸೇತುವೆ ಆಕಾಶಕ್ಕೆ ಏರಬೇಕು, ಇಲ್ಲವೇ ದಾರಿ ಬಿಡಬೇಕು. ಅದೇ ಕಾಲುವೆಯ ಮೋಯ್ ಎಂಬಲ್ಲಿ ಎರಕದ ಕಬ್ಬಿಣದ ಹಳೇ ಸೇತುವೆ ಈಗಲೂ ಇದೆ. ಎರಡು ಹೋಳು, ಒಂದೊಂದು ದಡಕ್ಕೆ ಒಂದೊಂದು. ಕಾವಲುಗಾರ ಈಚೆಯ ಹೋಳನ್ನು ಕೈಯಿಂದಲೇ ತಿರುಗಿಸಿ, ಸಣ್ಣ ದೋಣಿಯಲ್ಲಿ ಹುಟ್ಟು ಹಾಕುತ್ತಾ ಆಚೆ ಹೋಗಿ ಇನ್ನೊಂದನ್ನು ತಿರುಗಿಸಬೇಕು. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಈ ಪ್ರಶ್ನೆ ನಮಗೂ ದೂರದ್ದಲ್ಲ. ಕೇರಳದ ಬೇಕಲದಿಂದ ಕೋವಳಂವರೆಗೆ ಜಲಮಾರ್ಗದ ಯೋಜನೆ ಇದೆ. ತಗ್ಗಿನ ಸೇತುವೆಗಳು ಅದಕ್ಕೆ ದೊಡ್ಡ ತಡೆ. ಅವನ್ನು ಒಡೆದು ಎತ್ತರ ಮಾಡಿದರೆ ಎರಡೂ ಕಡೆ ಉದ್ದನೆಯ ಏರು ಬೇಕು, ಜನರ ಮನೆ ಅಂಗಳ ಹೋಗುತ್ತದೆ. ವಾಹನ ಕಡಿಮೆ ಇರುವ ಸಣ್ಣ ರಸ್ತೆಯಲ್ಲಿ, ದಡದಲ್ಲಿ ಜಾಗ ಇದ್ದರೆ, ತಿರುಗುವ ಸೇತುವೆಯನ್ನೂ ಯೋಚಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಮಗನಿಗೆ ಒಂದು ಮಾತು ಹೇಳಿ. ಮುಂದಿನ ಸಲ ಸೇತುವೆ ಮುಚ್ಚುವ ವಿಡಿಯೋ ತೆಗೆಯಲಿ, ಕ್ಯಾಮೆರಾ ತುದಿಯ ಮೇಲಿರಲಿ. ಬೆಣೆ ಕೂರುವಾಗ ಸಾಮಾನ್ಯವಾಗಿ ಆ ತುದಿ ಒಂದು ಚೂರು ಮೇಲೇಳುತ್ತದೆ.