ಕೊನೆಯ ರೊಮ್ಯಾಂಟಿಕ್: ಯೇಟ್ಸ್ ಕಳಚಿಟ್ಟ ಕೋಟು

‘ರೊಮ್ಯಾಂಟಿಕ್’ ಅಂದ ಕೂಡಲೇ ಗುಲಾಬಿ ಹೂವು, ಕ್ಯಾಂಡಲ್ ನೆನಪಾಗುತ್ತದೆ, ಅಲ್ವಾ? ಕಾವ್ಯದಲ್ಲಿ ಅದರ ಅರ್ಥ ಬೇರೆ. ಪ್ರಕೃತಿ, ಕನಸು, ಹಳೆಯ ಕತೆಗಳು, ಎಟುಕದ್ದಕ್ಕೆ ಹಂಬಲ ಇವೆಲ್ಲ ತುಂಬಿದ ಬರವಣಿಗೆ ಅದು. ಕನ್ನಡದಲ್ಲಿ ‘ರಮ್ಯ’ ಅನ್ನುತ್ತೇವೆ. ಐರ್ಲೆಂಡಿನ ಕವಿ ಡಬ್ಲ್ಯೂ. ಬಿ. ಯೇಟ್ಸ್ (1865–1939) ‘ನಾವೇ ಕೊನೆಯ ರೊಮ್ಯಾಂಟಿಕರು’ ಎಂದು ಬರೆದ. ತಮಾಷೆ ಏನೆಂದರೆ, ಅಷ್ಟು ಹೊತ್ತಿಗೆ ಓದುಗರು ಅವನನ್ನು ರಮ್ಯದ ದಾರಿ ಬಿಟ್ಟ ಆಧುನಿಕರ ಸಾಲಿಗೆ ಸೇರಿಸಿಯಾಗಿತ್ತು.

ಶುರುವಿನಲ್ಲಿ ಅವನು ಪೂರಾ ರಮ್ಯ. ಲಂಡನ್ನಿನ ಬೀದಿಯಲ್ಲಿ ನಡೆಯುವಾಗ ಅಂಗಡಿಯೊಂದರ ಕಿಟಕಿಯಲ್ಲಿ ಪುಟ್ಟ ಕಾರಂಜಿಯ ಸದ್ದು ಕೇಳಿಸಿತು. ಐರ್ಲೆಂಡಿನ ಸ್ಲೈಗೋದ ಸರೋವರ ನೆನಪಾಯಿತು. ಅಲ್ಲಿನ ದ್ವೀಪದಲ್ಲಿ ಮಣ್ಣಿನ ಗುಡಿಸಲು, ಒಂಬತ್ತು ಸಾಲು ಬೀನ್ಸ್, ಒಂದು ಜೇನುಗೂಡು ಇದ್ದರೆ ಸಾಕು ಎಂದು ಪದ್ಯ ಕಟ್ಟಿದ. ಅದು ಅಚ್ಚಾದದ್ದು 1890ರಲ್ಲಿ.

1914ರ ಹೊತ್ತಿಗೆ ದನಿಯೇ ಬೇರೆ. ‘ಕೋಟು’ ಅನ್ನುವ ಹತ್ತೇ ಸಾಲಿನ ಪದ್ಯ ನೋಡಿ. ನನ್ನ ಹಾಡಿಗೆ ಹಳೆಯ ಪುರಾಣಗಳ ಕಸೂತಿ ಹಾಕಿದ ಕೋಟು ತೊಡಿಸಿದ್ದೆ, ಪೆದ್ದರು ಅದನ್ನು ಕಸಿದು ತಾವೇ ಹೊಲಿದವರಂತೆ ಹಾಕಿಕೊಂಡು ಮೆರೆದರು, ಹೋಗಲಿ ಬಿಡು, ಬರಿಮೈಯಲ್ಲಿ ನಡೆಯುವುದಕ್ಕೇ ಜಾಸ್ತಿ ಎದೆಗಾರಿಕೆ ಬೇಕು ಅನ್ನುತ್ತಾನೆ. ಈ ಬದಲಾವಣೆಯ ಕೀರ್ತಿಯನ್ನು ಕೆಲವರು ಅವನ ಕಾರ್ಯದರ್ಶಿಯಾಗಿದ್ದ ಅಮೆರಿಕದ ಕವಿ ಎಜ್ರಾ ಪೌಂಡ್‌ಗೆ ಕೊಡುತ್ತಾರೆ. ನನಗೆ ಕೇಳಿಸುವುದು ಡಬ್ಲಿನ್ ಮೇಲಿನ ಸಿಟ್ಟು. ಊರಿನ ಚಿತ್ರಶಾಲೆಗೆ ದುಡ್ಡು ಬಿಚ್ಚದೆ ಕಾಸು ಎಣಿಸುತ್ತಾ ಕೂತ ವರ್ತಕರ ಮೇಲೆ 1913ರಲ್ಲೇ ಅವನು ಹರಿಹಾಯ್ದಿದ್ದ.

ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್‌ನಲ್ಲಿ ನಡೆದ 1916ರ ಈಸ್ಟರ್ ದಂಗೆಯ ಪದ್ಯ ಶುರುವಾಗುವುದೇ ಆಫೀಸು, ಕೌಂಟರು ಮುಗಿಸಿ ಬರುವ ಜನರಿಂದ. ಸುಮ್ನೆ ತಲೆಯಾಡಿಸಿ, ಎರಡು ಉಪಚಾರದ ಮಾತಾಡಿ ಮುಂದೆ ಹೋಗುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತಾನೆ. ದಂಗೆಯ ಬಳಿಕ ಮರಣದಂಡನೆಯಾಗಿ ಗುಂಡೇಟಿಗೆ ಬಲಿಯಾದವರಲ್ಲಿ ಜಾನ್ ಮ್ಯಾಕ್‌ಬ್ರೈಡ್ ಕೂಡ ಇದ್ದ. ಯೇಟ್ಸ್ ಪ್ರೀತಿಸಿದ ಮಾಡ್ ಗಾನ್‌ಳನ್ನು ಮದುವೆಯಾದವನು. ಅವನನ್ನು ಕುಡುಕ, ಜಂಬದ ಒರಟ ಎಂದು ಬೈದು, ಆಮೇಲೆ ಅದೇ ಪದ್ಯದ ಕೊನೆಯಲ್ಲಿ ಉಳಿದವರ ಜೊತೆ ಹೆಸರು ಹಿಡಿದು ಸೇರಿಸುತ್ತಾನೆ.

ಆದರೆ ಪೌಂಡ್, ಟಿ. ಎಸ್. ಎಲಿಯಟ್‌ರಂಥ ಆಧುನಿಕ ಕವಿಗಳು ಛಂದಸ್ಸನ್ನು ಮುರಿದಾಗ ಯೇಟ್ಸ್ ಪ್ರಾಸ ಬಿಡಲಿಲ್ಲ. ಆ ‘ಕೊನೆಯ ರೊಮ್ಯಾಂಟಿಕರು’ ಮಾತೂ ಎಂಟೆಂಟು ಸಾಲಿನ ಕಟ್ಟುನಿಟ್ಟಾದ ನುಡಿಗಳಲ್ಲೇ ಇದೆ. ಕೆಲವೇ ಸಾಲು ದಾಟಿದರೆ, ಪ್ರಾಚೀನ ಗ್ರೀಕ್ ಕವಿ ಹೋಮರ್ ಏರಿದ್ದ ಕಾವ್ಯದ ಕುದುರೆ ಸವಾರನಿಲ್ಲದೆ ನಿಂತಿದೆ.