ಕೆಂಪನ್ನು ಸೇರಿಸದ ಕೆಂಪು ಫಿಲ್ಟರ್

ನೀರಿಗೆ ಬಣ್ಣವಿಲ್ಲ ಎಂಬ ಮಾತು ಲೋಟದ ಮಟ್ಟಿಗೆ ನಿಜ, ಕಡಲಿನ ಮಟ್ಟಿಗೆ ಅಲ್ಲ. ನೀರಿನ ಅಣುವಿನೊಳಗೆ ಆಮ್ಲಜನಕ ಮತ್ತು ಜಲಜನಕದ ಬಂಧಗಳು ಕಂಪಿಸುತ್ತಲೇ ಇದ್ದು, ಆ ಕಂಪನಕ್ಕೆ ಕೆಂಪು ಬೆಳಕು ತುಸುತುಸುವಾಗಿ ಆಹಾರವಾಗುತ್ತದೆ. ಶುದ್ಧ ನೀರಿನಲ್ಲಿ 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು 5 ಮೀಟರ್ ಸಾಗುವಷ್ಟರಲ್ಲಿ ಐದರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗಿ, 10 ಮೀಟರಿಗೆ ಸುಮಾರು ಶೇಕಡಾ 3ರಷ್ಟು ಮಾತ್ರ ಉಳಿಯುತ್ತದೆ. ಅಷ್ಟೇ ದೂರ ಸಾಗಿದ 450 ನ್ಯಾನೊಮೀಟರಿನ ನೀಲಿ ಬೆಳಕಾದರೋ ಶೇಕಡಾ 90ರಷ್ಟು ಉಳಿದಿರುತ್ತದೆ. ಮುಳುಗುಗಾರನ ಕಣ್ಣು ಮತ್ತು ಮೆದುಳು ಈ ನಷ್ಟವನ್ನು ಸ್ವಲ್ಪಮಟ್ಟಿಗೆ ಸರಿದೂಗಿಸಿಕೊಳ್ಳುತ್ತವೆ. ಕ್ಯಾಮೆರಾ ಮಾತ್ರ ಇದ್ದದ್ದನ್ನು ಇದ್ದಂತೆ, ನೀಲಿಯಲ್ಲಿ ಅದ್ದಿ ತೆಗೆದಂತೆ ದಾಖಲಿಸುತ್ತದೆ.

ಇದಕ್ಕೆ ಪರಿಹಾರವಾಗಿ ಮಾರಾಟವಾಗುವ ಕೆಂಪು ಫಿಲ್ಟರ್ ಕಳೆದುಹೋದ ಕೆಂಪನ್ನು ಮರಳಿ ತರುತ್ತದೆಂದು ಅನೇಕರು ನಂಬಿದ್ದಾರೆ. ಆದರೆ ಯಾವ ಫಿಲ್ಟರೂ ಬೆಳಕನ್ನು ಹುಟ್ಟಿಸಲಾರದು. ಅದು ಮಾಡುವುದು ಕಳೆಯುವ ಲೆಕ್ಕವನ್ನೇ. ಹೆಚ್ಚಾಗಿರುವ ನೀಲಿ ಮತ್ತು ಹಸಿರನ್ನು ಅದು ತಡೆಹಿಡಿದಾಗ ದೃಶ್ಯ ಒಟ್ಟಾರೆ ಮಂಕಾಗುತ್ತದೆ, ಮಂಕನ್ನು ತುಂಬಿಕೊಳ್ಳಲು ಕ್ಯಾಮೆರಾ ಎಕ್ಸ್‌ಪೋಷರನ್ನು, ಅಂದರೆ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣವನ್ನು, ಹೆಚ್ಚಿಸುತ್ತದೆ, ಹಾಗೆ ಹೆಚ್ಚಿಸಿದಾಗ ಅಳಿದುಳಿದ ಕೆಂಪು ಬೆಳಕು ಸಂವೇದಕದ ಮೇಲೆ ಹೆಚ್ಚು ಸಂಗ್ರಹವಾಗುತ್ತದೆ. ಸಂಕಲನದ ಮೇಜಿನ ಮೇಲೆ ಇದೇ ಕೆಲಸ ಮಾಡಬಾರದೇಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಸಾಮಾನ್ಯ 8 ಬಿಟ್ ವಿಡಿಯೊದಲ್ಲಿ ಪ್ರತಿ ಬಣ್ಣಕ್ಕೆ ಇರುವುದು ಹೊಳಪಿನ 256 ಮೆಟ್ಟಿಲುಗಳು. ಕೆಂಪು ಕೆಳಗಿನ ಹತ್ತು ಮೆಟ್ಟಿಲುಗಳಲ್ಲೇ ಮುದುಡಿ ಕುಳಿತಿದ್ದರೆ, ಆಮೇಲೆ ಅದನ್ನು ಹತ್ತು ಪಟ್ಟು ಹಿಗ್ಗಿಸಿದಾಗ ಬಣ್ಣದ ಜೊತೆಗೆ ಕಾಳುಕಾಳಾದ ಕಲೆಗಳೂ ಹತ್ತು ಪಟ್ಟು ಹಿಗ್ಗುತ್ತವೆ. ಸಂವೇದಕದ ಮಾಹಿತಿಯನ್ನು ಸಂಸ್ಕರಿಸದೆ ಹಾಗೆಯೇ ಉಳಿಸುವ ‘ರಾ’ ರೂಪದಲ್ಲಿ ಚಿತ್ರೀಕರಿಸುವ ಕ್ಯಾಮೆರಾಗಳಿಗೆ ಈ ಕಷ್ಟ ಕಡಿಮೆಯಾದರೂ ಪೂರ್ತಿ ತಪ್ಪುವುದಿಲ್ಲ.

ಆಯ್ಕೆಯ ಮೊದಲ ಪ್ರಶ್ನೆ ಕ್ಯಾಮೆರಾಕ್ಕಿಂತ ನೀರಿಗೆ ಸಂಬಂಧಿಸಿದ್ದು. ಲಕ್ಷದ್ವೀಪದ ಹವಳದಿಬ್ಬಗಳ ಸುತ್ತಲಿನ ತಿಳಿ ನೀಲಿ ನೀರಿಗೆ ನೀಲಿಯ ವಿರುದ್ಧ ಬಣ್ಣವಾದ ಕಿತ್ತಳೆಗೆಂಪು ಫಿಲ್ಟರ್ ಹೊಂದುತ್ತದೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಹೋಗುವವರು ಮಾತ್ರ ಅದನ್ನೇ ಕಣ್ಣುಮುಚ್ಚಿ ಕೊಳ್ಳಬಾರದು. ಕರಾವಳಿಗೆ ಹತ್ತಿರದ ಕಡಲಿನಲ್ಲಿ ಸಸ್ಯಪ್ಲವಕಗಳೆಂಬ ತೇಲುವ ಸೂಕ್ಷ್ಮ ಜೀವಿಗಳ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಹೀರುತ್ತದೆ, ನದಿಗಳು ತಂದು ಸುರಿಯುವ ಕೊಳೆತ ಎಲೆಗಳ ಹಳದಿ ದ್ರಾವಣ ನೀಲಿಯನ್ನು ಇನ್ನಷ್ಟು ನುಂಗುತ್ತದೆ, ಉಳಿಯುವುದು ಹಸಿರು. ಇಂಥ ನೀರಿಗೆ ಹಸಿರನ್ನು ಮಾತ್ರ ತಡೆದು ಕೆಂಪು ಮತ್ತು ನೀಲಿ ಎರಡನ್ನೂ ಬಿಡುವ ಮಜೆಂಟಾ ಫಿಲ್ಟರ್ ಬೇಕಾಗುತ್ತದೆ. ತೀರದ ನೀರಿನ ಬಣ್ಣ ದಿನದಿಂದ ದಿನಕ್ಕೆ ಬದಲಾಗುವುದರಿಂದ, ಎರಡನ್ನೂ ದೋಣಿಯಲ್ಲಿಟ್ಟುಕೊಂಡು ಆ ದಿನದ ನೀರು ನೋಡಿ ತೀರ್ಮಾನಿಸುವುದು ಮೇಲು.

ಆಳದ ಲೆಕ್ಕದಲ್ಲಿ ಹಲವರು ತಪ್ಪುತ್ತಾರೆ. ಸೂರ್ಯನ ಬೆಳಕು ಮೀನಿನವರೆಗೆ ಇಳಿದು, ಮೀನಿನಿಂದ ಮತ್ತೆ ಮಸೂರದವರೆಗೆ ನೀರಿನಲ್ಲೇ ಸಾಗಬೇಕು. 10 ಮೀಟರ್ ಆಳದಲ್ಲಿ 4 ಮೀಟರ್ ದೂರದ ಮೀನನ್ನು ಚಿತ್ರೀಕರಿಸುವವರು ಬಣ್ಣದ ದೃಷ್ಟಿಯಿಂದ ಕಡಿಮೆಯೆಂದರೂ 14 ಮೀಟರಿನಲ್ಲಿದ್ದಾರೆ. ಹೀಗಾಗಿ ಅತಿ ದುಬಾರಿ ಫಿಲ್ಟರಿಗಿಂತಲೂ ಮೀನಿನ ಹತ್ತಿರ ಹೋಗುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಎಣಿಕೆ. ಸ್ಥೂಲವಾಗಿ 3 ಮೀಟರಿಗಿಂತ ಕಡಿಮೆ ಆಳದಲ್ಲಿ ಗಾಢ ಫಿಲ್ಟರ್ ಎಲ್ಲವನ್ನೂ ಕೆಂಪಾಗಿಸುತ್ತದೆ. 20 ಮೀಟರಿನಿಂದ ಕೆಳಗೆ ಕಾಪಾಡಲು ಕೆಂಪೇ ಇರುವುದಿಲ್ಲ, ಅಲ್ಲಿ ಫಿಲ್ಟರ್ ಇದ್ದ ಬೆಳಕನ್ನೂ ಕಸಿಯುವ ಅಡ್ಡಿ ಮಾತ್ರ. ಸಾಮಾನ್ಯವಾಗಿ ಅದು ಬೆಳಕನ್ನು ಅರ್ಧಕ್ಕೋ ಕಾಲು ಭಾಗಕ್ಕೋ ಇಳಿಸುವುದರಿಂದ ಮೋಡ ಕವಿದ ದಿನಗಳಲ್ಲಿ ತೆಳು ಫಿಲ್ಟರೇ ವಾಸಿ. ಸೂರ್ಯ ಬೆನ್ನ ಹಿಂದಿರಲಿ. ಮೇಲ್ಮೈಯತ್ತ ಕ್ಯಾಮೆರಾ ಎತ್ತಿದರೆ ಬಿಳಿ ಬೆಳಕು ಗುಲಾಬಿಯಾಗಿ ಕಾಣುತ್ತದೆ.

ಫಿಲ್ಟರ್ ಹಾಕಿದ ಮೇಲೂ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾದ ಬಣ್ಣಗಳನ್ನು ಹೊಂದಿಸುವ ಕೆಲಸ, ತಪ್ಪಿದ್ದಲ್ಲ. ಅದನ್ನು ಸ್ವಯಂಚಾಲಿತಕ್ಕೆ ಬಿಟ್ಟರೆ ಒಂದೇ ದೃಶ್ಯದ ನಡುವೆ ಬಣ್ಣ ತೇಲಾಡುವ ಸಂಭವವಿದೆ. ಬೂದುಬಣ್ಣದ ಹಲಗೆಯೊಂದನ್ನು ಎದುರಿಗೆ ಹಿಡಿದು, ಆಳ ಮೂರ್ನಾಲ್ಕು ಮೀಟರ್ ಬದಲಾದಾಗಲೆಲ್ಲ ಹೊಸದಾಗಿ ಹೊಂದಿಸುವುದು ಸರಿಯಾದ ಕ್ರಮ. ಕ್ಯಾಮೆರಾವನ್ನು ನೀರಿನಿಂದ ಕಾಯುವ ಹೌಸಿಂಗ್ ಪೆಟ್ಟಿಗೆಯ ಹೊರಗೆ ಸಿಕ್ಕಿಸುವ ಫಿಲ್ಟರನ್ನು ನೀರಿನೊಳಗೇ ತೆಗೆದು ಹಾಕಬಹುದಾದರೂ, ನೀರಿಗಿಳಿದೊಡನೆ ಅದರ ಹಿಂದೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಬೆರಳಿನಿಂದ ಬಿಡಿಸಬೇಕು.

ದೀಪ ಹೊತ್ತಿಸಿದೊಡನೆ ಲೆಕ್ಕ ತಿರುವುಮುರುವಾಗುತ್ತದೆ. ವಿಡಿಯೊ ದೀಪದ ಬಿಳಿ ಬೆಳಕು ಒಂದೆರಡು ಮೀಟರ್ ಮಾತ್ರ ಸಾಗುವುದರಿಂದ ಅದರಲ್ಲಿ ಕೆಂಪು ಬೇಕಾದಷ್ಟಿರುತ್ತದೆ, ಅದರ ಜೊತೆಗೆ ಮಸೂರದ ಕೆಂಪು ಫಿಲ್ಟರೂ ಇದ್ದರೆ ಹತ್ತಿರದ ಹವಳ ಕುಂಕುಮ ಚೆಲ್ಲಿದಂತಾಗುತ್ತದೆ. ಆದ್ದರಿಂದ ದೀಪವಿದ್ದಾಗ ಮಸೂರದ ಫಿಲ್ಟರ್ ತೆಗೆಯುವುದು ರೂಢಿ. ಇನ್ನೊಂದು ಜಾಣ ಉಪಾಯವೆಂದರೆ ದೀಪದ ಮುಂದೆಯೇ ನೀಲಿ ಫಿಲ್ಟರ್ ಇಟ್ಟು ಅದರ ಬೆಳಕನ್ನು ಸುತ್ತಲಿನ ನೀರಿನ ಬೆಳಕಿಗೆ ಸಮನಾಗಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ತಿದ್ದುವುದು.

ಹತ್ತಿರದ ಮೀನಿಗೂ ದೂರದ ಬಂಡೆಗೂ ಒಂದೇ ಫಿಲ್ಟರ್ ನ್ಯಾಯ ಒದಗಿಸಲಾರದು ಎಂಬ ತೊಡಕು ಇದರಿಂದಲೂ ನೀಗುವುದಿಲ್ಲ. 2019ರಲ್ಲಿ ಸಂಶೋಧಕರಾದ ಡೆರ್ಯಾ ಅಕ್ಕಯ್ನಾಕ್ ಮತ್ತು ತಾಲಿ ಟ್ರೈಬಿಟ್ಜ್ ಪ್ರಕಟಿಸಿದ ‘ಸೀ-ಥ್ರೂ’ ಎಂಬ ಗಣಕವಿಧಾನ ಚಿತ್ರದ ಪ್ರತಿ ಬಿಂದುವಿನ ದೂರವನ್ನು ತಿಳಿದುಕೊಂಡು ಅದಕ್ಕೆ ತಕ್ಕಂತೆ ನೀರಿನ ಪ್ರಭಾವವನ್ನು ಬೇರೆಬೇರೆಯಾಗಿ ಕಳೆಯುತ್ತದೆ. ಆದರೆ ಅದಕ್ಕೂ ಮೂಲಚಿತ್ರದಲ್ಲಿ ಒಂದಿಷ್ಟು ಕೆಂಪು ದಾಖಲಾಗಿರಲೇಬೇಕು.